'ಭೇಟಿಗೆ ಪ್ರಶಸ್ತ ಕಾಲ' ಬರೆದ ಅಧಿಕಾರಿಗಳಿಗೆ

ಮಾನ್ಯರೇ,

ತಮಗೂ ತಮ್ಮ ಮೇಜು, ಕುರ್ಚಿ, ಫ್ಯಾನುಗಳಿಗೂ ನನ್ನ ಅನಂತ ನಮಸ್ಕಾರಗಳು. ಈ ಪತ್ರ ತಲುಪುವ ಹೊತ್ತಿಗೆ ತಮ್ಮ ಕಚೇರಿಯಲ್ಲಿ ಹವೆ ಹಿತವಾಗಿರಲಿ ಎಂದು ಹಾರೈಸುತ್ತೇನೆ. ಅಲ್ಲಿ ಹಿತವಾಗಿಲ್ಲದಿದ್ದರೆ ತಮ್ಮ ವಿಶಾಲ ದೇಶದ ಇನ್ನಾವುದೋ ಮೂಲೆಯಲ್ಲಿ ಖಂಡಿತ ಹಿತವಾಗಿರುತ್ತದೆ ಎಂಬುದನ್ನು ತಮ್ಮ ಇಲಾಖೆಯ ಪ್ರವಾಸ ಕೈಪಿಡಿಯಿಂದಲೇ ಕಲಿತವನು ನಾನು.

ನಾನೊಬ್ಬ ಲಾಂಡ್ರಿಯವನು. ನನ್ನ ಹೆಂಡತಿಯ ಅಕ್ಕ ಮದುವೆಯಾಗಿ ತಮ್ಮ ದೇಶ ಸೇರಿದವರು. ಅಕ್ಕನನ್ನು ಒಮ್ಮೆ ಕಣ್ತುಂಬ ನೋಡಿ ಬರೋಣ ಎಂದು ಹೆಂಡತಿ ಕೇಳಿದಾಗ, ಅಷ್ಟು ದೂರ ಹೋಗಿ ಬರೀ ಅಕ್ಕನನ್ನು ನೋಡಿಕೊಂಡು ಬರುವುದೇ, ಬೆಟ್ಟ, ಬಯಲು, ಕಡಲು, ಮರುಭೂಮಿ ಎಲ್ಲವನ್ನೂ ಒಂದೇ ಏಟಿಗೆ ಮುಗಿಸೋಣ ಎಂದು ತಮ್ಮ ಕೈಪಿಡಿಯನ್ನು ಕೊಂಡು ತಂದೆ. ಅವಳು ಆಗಲೇ ಹುಬ್ಬು ಗಂಟಿಕ್ಕಿದ್ದಳು.

ಎಂಥ ಅಧ್ಯಾಯ ಬರೆದಿದ್ದೀರಿ, ಮಾನ್ಯರೇ. ಬೆಟ್ಟಕ್ಕೆ ಬೇಸಿಗೆಯೇ ಪ್ರಶಸ್ತ, ಆದರೆ ಆಗ ಬಯಲಿನ ಕಡೆ ತಲೆ ಹಾಕಿಯೂ ಮಲಗಬಾರದು. ಬಯಲಿಗೆ ಚಳಿಗಾಲವೇ ಸರಿ, ಆದರೆ ಆಗ ಬೆಟ್ಟದ ದಾರಿಗಳು ಹಿಮದಲ್ಲಿ ಮುಚ್ಚಿರುತ್ತವೆ. ಕಡಲತೀರಕ್ಕೆ ಮಳೆ ನಿಂತ ಮೇಲೆ ಬರಬೇಕು, ಆದರೆ ಆಗ ಗಾಳಿ ಜೋರು. ಮರುಭೂಮಿಗೆ ಯಾವಾಗ ಬೇಕಾದರೂ ಬರಬಹುದು, ಆದರೆ ಹಗಲೂ ಬೇಡ, ರಾತ್ರಿಯೂ ಬೇಡ. ಇಷ್ಟೆಲ್ಲ ಹೇಳಿ ಕೊನೆಗೆ 'ಒಟ್ಟಾರೆ ವರ್ಷವಿಡೀ ಭೇಟಿ ನೀಡಬಹುದಾದ ದೇಶ' ಎಂದು ಮುಗಿಸಿದ್ದನ್ನು ಓದಿ ನಾನು ಎದ್ದು ನಿಂತು ಕೈಮುಗಿದೆ. ಹೌದು, ಅಲ್ಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಯಾವುದಕ್ಕೂ ಸಿಕ್ಕಿಬೀಳದ ಈ ವಿದ್ಯೆ ನನಗಿದ್ದಿದ್ದರೆ, ಬಟ್ಟೆ ಯಾವತ್ತು ಸಿಗುತ್ತದೆ ಎಂದು ಕೇಳುವ ಗಿರಾಕಿಗಳಿಗೆ ನಾನು ಇಷ್ಟು ವರ್ಷ ಸುಳ್ಳು ಹೇಳಬೇಕಾಗುತ್ತಿರಲಿಲ್ಲ.

ತಮ್ಮ ಸಲಹೆಯಂತೆ ಉಣ್ಣೆಯ ಸ್ವೆಟರು, ರೇನ್‌ಕೋಟು, ತೆಳು ಹತ್ತಿಯ ಅಂಗಿಗಳು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆವು. ಪ್ರತಿ ಋತುವೂ ತಮ್ಮ ಯಾವುದೋ ಒಂದು 'ಆದರೆ'ಗೆ ಸಿಕ್ಕಿ ಕಳೆದುಹೋಗುತ್ತಿತ್ತು. ಮುಗ್ಗಲು ವಾಸನೆ ಹಿಡಿಯಬಾರದೆಂದು ನಾನು ಕಸುಬಿನವನ ಶ್ರದ್ಧೆಯಿಂದ ಬಟ್ಟೆಗಳನ್ನೆಲ್ಲ ತೆಗೆದು, ಒಗೆದು, ಇಸ್ತ್ರಿ ಮಾಡಿ ಮತ್ತೆ ಜೋಡಿಸಿಡುತ್ತಿದ್ದೆ. ಹೀಗಾಗಿ ಹೆಂಡತಿ ಒಮ್ಮೆಯೂ ತೊಡದ ಸ್ವೆಟರು ಒಗೆದು ಒಗೆದೇ ಮೊಣಕೈ ಬಳಿ ಸವೆದಿದೆ, ಒಂದು ಹನಿ ಮಳೆ ಕಾಣದ ರೇನ್‌ಕೋಟು ನನ್ನ ಇಸ್ತ್ರಿಯ ಬಿಸಿಗೆ ಮುದುಡಿ ತೀರಿಕೊಂಡಿದೆ. ತೊಡದೆಯೇ ಬಟ್ಟೆ ಹರಿದುಕೊಂಡವರು ಜಗತ್ತಿನಲ್ಲಿ ನಾವೇ ಮೊದಲಿಗರಿರಬೇಕು.

ಕಳೆದ ತಿಂಗಳು, ತಾವು ದಪ್ಪಕ್ಷರದಲ್ಲಿ 'ಈ ಅವಧಿಯಲ್ಲಿ ಪ್ರಯಾಣ ಸೂಕ್ತವಲ್ಲ' ಎಂದು ಅಚ್ಚು ಹಾಕಿಸಿರುವ ಸರಿಯಾಗಿ ಅದೇ ಅವಧಿಯಲ್ಲಿ, ಹೆಂಡತಿ ನನ್ನ ತಾಯಿಯನ್ನು ಜೊತೆಗೆ ಕರೆದುಕೊಂಡು ಹೊರಟುನಿಂತಳು. ನಾನು ಪುಟ ತೆರೆದು ತೋರಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, ಇದರಲ್ಲಿ ಇವಳ ಅಕ್ಕನ ಸುದ್ದಿಯೇ ಇಲ್ಲವಲ್ಲೋ ಎಂದು ಪುಸ್ತಕವನ್ನು ನನ್ನ ಕೈಗೆ ವಾಪಸು ಕೊಟ್ಟರು.

ಈಗ ಅಲ್ಲಿ ಹಗಲಿಡೀ ಮಳೆಯಂತೆ. ಬೆಟ್ಟ ಕಾಣುವುದಿಲ್ಲವಂತೆ, ಕಡಲಿಗೆ ಇಳಿಯಬಾರದಂತೆ, ನೋಡತಕ್ಕ ಸ್ಥಳಗಳೆಲ್ಲ ಬಾಗಿಲು ಹಾಕಿವೆಯಂತೆ. ಮೂವರೂ ಅಕ್ಕನ ಅಡುಗೆಮನೆಯ ಕಿಟಕಿ ಪಕ್ಕ ಕೂತು ನೆಂಟರಿಷ್ಟರನ್ನೆಲ್ಲ ಒಬ್ಬೊಬ್ಬರಾಗಿ ಆಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಾರಂತೆ. ಆ ನಗು ಫೋನಿನಲ್ಲಿ ನನಗೇ ಕೇಳಿಸಿತು. ಹೆಂಡತಿ ನಮ್ಮ ಮನೆಯಲ್ಲಿ ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ, ಕೇಳಿ ತುಂಬ ಸಂಕಟವಾಯಿತು.

ಆದ್ದರಿಂದ ತಾವು ದಯಮಾಡಿ ಸಿಬ್ಬಂದಿಯೊಬ್ಬರನ್ನು ಆ ಮನೆಗೆ ಕಳುಹಿಸಿ, ಈ ಕಾಲದಲ್ಲಿ ಸಂತೋಷಪಡಲು ಇಲಾಖೆಯ ಅನುಮತಿ ಇಲ್ಲವೆಂದು ಅವರಿಗೆ ತಿಳಿಹೇಳಬೇಕು. ಅದು ಕಷ್ಟವಾದರೆ ಬೆಟ್ಟವನ್ನು ಒಂದಿಷ್ಟು ತಗ್ಗಿಸಿ, ಬಯಲನ್ನು ಒಂದಿಷ್ಟು ಎತ್ತರಿಸಿ, ಕಡಲಿಗೊಂದು ಸುತ್ತೋಲೆ ಹೊರಡಿಸಿ, ದೇಶಕ್ಕೆಲ್ಲ ಒಂದೇ ಹವೆ ಬರುವಂತೆ ಮಾಡಬೇಕು, ಅದೂ ನನ್ನ ಅಂಗಡಿಯಲ್ಲಿ ಕೆಲಸ ಕಡಿಮೆ ಇರುವ ತಿಂಗಳಲ್ಲಿ. ಏನೂ ಆಗದಿದ್ದರೆ, ಮುಂದಿನ ಆವೃತ್ತಿಯಲ್ಲಿ 'ಹಿಂದಿರುಗಲು ಪ್ರಶಸ್ತ ಕಾಲ' ಎಂಬ ಅಧ್ಯಾಯವನ್ನಾದರೂ ಸೇರಿಸಬೇಕು. ಯಾವಾಗ ಬರುತ್ತೀಯ ಎಂದು ಕೇಳಿದ್ದಕ್ಕೆ ಹೆಂಡತಿ, ಪುಸ್ತಕ ನೋಡಿ ನೀವೇ ಹೇಳಿ ಎಂದಳು. ಮೊದಲಿಂದ ಕೊನೆಯವರೆಗೆ ತಡಕಾಡಿದೆ. ತಮ್ಮ ದೇಶಕ್ಕೆ ಬರುವುದರ ಬಗ್ಗೆ ಇದೆಯೇ ಹೊರತು ಅಲ್ಲಿಂದ ಹೊರಡುವುದರ ಬಗ್ಗೆ ಒಂದಕ್ಷರವೂ ಇಲ್ಲ.

ಪೆಟ್ಟಿಗೆ ಕಟ್ಟಿಟ್ಟುಕೊಂಡು ಒಬ್ಬನೇ ಕೂತಿರುವ,
ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ಲಾಂಡ್ರಿಯವನು

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ, ನಾಳೆಯೇ ಹೊರಟು ಬರುತ್ತೇನೆ ಎಂದು ಈಗಷ್ಟೇ ಹೆಂಡತಿಗೆ ಫೋನ್ ಮಾಡಿದೆ. ಅವಳು ಹೇಳಿದ್ದಿಷ್ಟು: "ಬನ್ನಿ ರೀ, ಯಾವಾಗ ಬೇಕಾದ್ರೂ ಬರಬಹುದು. ಆದ್ರೆ ನಾವು ಮೂರು ಜನ ಕೂತು ಮಾತಾಡ್ತಿರೋವಾಗ ಮಾತ್ರ ಬೇಡ." ಇಂಥ ಪ್ರತಿಭೆ ಕಣ್ಣಿಗೆ ಬಿದ್ದರೆ ತಾವು ಬಿಡುವವರಲ್ಲ ಎಂದು ಬಲ್ಲೆ. ದಯವಿಟ್ಟು ತಮ್ಮ ಇಲಾಖೆಯಲ್ಲಿ ಆಕೆಗೆ ಕೆಲಸ ಕೊಡಬೇಡಿ. ನನಗೆ ಅವಳು ಮನೆಗೆ ಬೇಕು.