ಹನ್ನೆರಡನೆಯ ಸೂಜಿ

ನಾನು ನಂಬದ ಸಂಗತಿಗಳ ಪಟ್ಟಿ ಉದ್ದವಾಗಿದೆ. ಜ್ಯೋತಿಷ್ಯ, ಔಷಧಿ ಬಾಟಲಿಯ ಮೇಲಿನ ಹೊಗಳಿಕೆ, ‘ಐದ ಮಿನಿಟಿನ್ಯಾಗ ಬಂದೆ’ ಎನ್ನುವ ನಳ ರಿಪೇರಿಯವನ ಮಾತು, ಇವೆಲ್ಲ ಅದರಲ್ಲಿ ಹಳೆಯ ಸದಸ್ಯರು. ಈಚೆಗೆ ನನ್ನ ನೆನಪೂ ಆ ಪಟ್ಟಿಗೆ ಸೇರಿಕೊಂಡಿದೆ. ಮನೆಗೆ ಬೀಗ ಹಾಕಿ ಹೊರಟವನು ಬಸ್ ನಿಲ್ದಾಣದಿಂದ ತಿರುಗಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಅದು ಗಟ್ಟಿಯಾಗಿಯೇ ಇರುತ್ತದೆ. ಮತ್ತೆ ನಿಲ್ದಾಣ ಮುಟ್ಟುವಷ್ಟರಲ್ಲಿ, ಜಗ್ಗಿ ನೋಡಿದ್ದು ಇವತ್ತೋ ಮೊನ್ನೆಯೋ ಎಂಬ ಸಂಶಯ ಹುಟ್ಟುತ್ತದೆ. ಹುನಗುಂದಕ್ಕೆ ಹೋಗುವ ಎಷ್ಟೋ ಬಸ್ಸುಗಳು ನನ್ನನ್ನು ಬಿಟ್ಟು ಹೋಗಿರುವುದು ಹೀಗೆ. ಕಾಲೇಜಿನಲ್ಲಿ ಮಕ್ಕಳಿಗೆ ‘ಪುರಾವೆ ಇಲ್ಲದೆ ಏನನ್ನೂ ಒಪ್ಪಬೇಡಿ’ ಎಂದು ಇಪ್ಪತ್ತೈದು ವರ್ಷ ಪಾಠ ಮಾಡಿದವನಿಗೆ ಇದು ತಕ್ಕ ಶಾಸ್ತಿಯೇ ಇರಬೇಕು.

ನಂಬದವನಿಗೆ ಹೆದರಿಕೆ ಇರುವುದಿಲ್ಲವೆಂದು ಜನ ತಿಳಿದಿದ್ದಾರೆ. ಅದು ತಪ್ಪು. ನನಗೆ ಸೂಜಿಯೆಂದರೆ ಜೀವಭಯ. ನಾನು ಸಣ್ಣವನಿದ್ದಾಗ ಅವ್ವ ಹೇಳುತ್ತಿದ್ದಳು: “ಸೂಜಿ ಮೈಯಾಗ ಹೊಕ್ಕಿತಂದ್ರ ನೆತ್ತರದ ಕೂಡ ಹರಕೋತ ಹೋಗಿ ಎದಿಗೆ ನಾಟತೈತಿ ನೋಡು.” ಆಮೇಲೆ ನಾನು ಧಾರವಾಡಕ್ಕೆ ಹೋಗಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಕಪ್ಪೆಯ ಹೊಟ್ಟೆ ಸೀಳಿ ರಕ್ತನಾಳಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಅಂಥ ನಾಳಗಳಲ್ಲಿ ಸೂಜಿ ಪ್ರಯಾಣ ಮಾಡುವುದು ಸಾಧ್ಯವಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿದೆ. ಆದರೆ ನನ್ನ ಅಂಗಾಲು ಧಾರವಾಡದಲ್ಲಿ ಓದಿಲ್ಲ. ಮನೆಯಲ್ಲಿ ಯಾರಾದರೂ ಹೊಲಿಗೆಗೆ ಕುಳಿತರೆ ಅದು ನೆಲದ ಮೇಲೆ ಪೂರ್ತಿ ಊರಲು ಒಪ್ಪುವುದಿಲ್ಲ. ನಾನು ಬೆರಳ ತುದಿಯ ಮೇಲೆ ಓಡಾಡುತ್ತೇನೆ.

ಇಂಥವನಿಗೆ ಸಿಕ್ಕ ಹೆಂಡತಿ ಗಿರಿಜಾ. ಆಕೆ ಸೂಜಿಗಳನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಡುತ್ತಾಳೆ. ಫ್ಯಾನ್ ಹಾಕಿದರೆ ಆ ಕ್ಯಾಲೆಂಡರು ಪಟಪಟ ಹೊಡೆದುಕೊಳ್ಳುತ್ತದೆ, ನನ್ನ ಎದೆಯೂ ಅದರ ಜೊತೆಗೆ ಹೊಡೆದುಕೊಳ್ಳುತ್ತದೆ. ಈ ಭಯದ ಜೊತೆ ಹೇಗೋ ಸಂಸಾರ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಮಗಳು ವಿದ್ಯಾ ಬಾಣಂತನಕ್ಕೆ ಬಂದಳು. ಮನೆಯಲ್ಲಿ ಕೂಸು ಹುಟ್ಟಿತು. ಕೂಸಿಗೆಂದು ಕೌದಿ ಹೊಲಿಯುವ ಕೆಲಸವೂ ಶುರುವಾಯಿತು. ನಮ್ಮ ಓಣಿಯ ಹುಸೇನಬಿ ಕೌದಿ ಹೊಲಿಯುವುದರಲ್ಲಿ ದೊಡ್ಡ ಹೆಸರು. ಆಕೆ ಮತ್ತು ಗಿರಿಜಾ ಪಡಸಾಲೆಯಲ್ಲಿ ಹಳೆಯ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ, ಎರಡೂ ಕಡೆಯಿಂದ ಕೂತು ಹೊಲಿಯತೊಡಗಿದರು. ಸೀರೆಗಳು ತೊಳೆದು ತೊಳೆದು ಬೆಣ್ಣೆಯಂತಾಗಿದ್ದವು. ಅವರು ಮಾತಿನ ಭರದಲ್ಲಿ ಸೂಜಿಯನ್ನು ಎಲ್ಲೆಂದರಲ್ಲಿ ಚುಚ್ಚಿಡುತ್ತಿದ್ದರು. ಆ ಕೌದಿಯ ಮೇಲೆ ಮಲಗಬೇಕಾದದ್ದು ಮೂರು ತಿಂಗಳ ಕೂಸು. ಅದಕ್ಕೆ ಎಲ್ಲಿ ಚುಚ್ಚಿತೆಂದು ಹೇಳಲು ಬಾಯಿಲ್ಲ.

ಆದ್ದರಿಂದ ನಾನೇ ಒಂದು ಹೊಲಿಗೆ ಡಬ್ಬಿ ತಯಾರಿಸಲು ನಿರ್ಧರಿಸಿದೆ. ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ಹದಿನೈದು ನಿಮಿಷದಲ್ಲಿ ಮಾಡಿ ತೋರಿಸಿದ್ದಳು. ನನಗೆ ನಾಲ್ಕು ದಿನ ಹಿಡಿಯಿತು. ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆದುಕೊಂಡು, ಒಳಗಡೆ ಖಣದ ಬಟ್ಟೆಯ ತುಂಡಿನಿಂದ ಸಣ್ಣ ಸಣ್ಣ ಕಿಸೆಗಳನ್ನು ಮಾಡಿ ಅಂಟಿಸಿದೆ. ಕತ್ತರಿಗೊಂದು, ಟೇಪಿಗೊಂದು, ಹುಕ್ಕುಗಳಿಗೊಂದು, ಗುಂಡಿಗಳಿಗೊಂದು. ಮುಚ್ಚಳದ ಮೇಲೆ ಅರ್ಧ ತೆಂಗಿನ ಚಿಪ್ಪನ್ನು ಕೂರಿಸಿ, ಅದರಲ್ಲಿ ಸೂಜಿ ಚುಚ್ಚಿಡುವ ಮೆತ್ತೆ. ಮೆತ್ತೆಯೊಳಗೆ ಏನು ತುಂಬಬೇಕೆಂಬುದರ ಮೇಲೆ ಪಡಸಾಲೆಯಲ್ಲಿ ಚರ್ಚೆಯೇ ಆಯಿತು.

“ಸರ್, ಕೂದಲಾ ತುಂಬ್ರಿ,” ಎಂದಳು ಹುಸೇನಬಿ. “ಬಾಚಿ ತಗದ ಕೂದಲಾ. ಅದರಾಗಿನ ಎಣ್ಣಿಗೆ ಸೂಜಿ ತುಕ್ಕ ಹಿಡಿಯಂಗಿಲ್ಲ. ಒತ್ತಿ ತುಂಬಿದ್ರ ಕಲ್ಲಿನಂಗ ಗಟ್ಟಿ ಇರತೈತಿ.”

“ಛೆ, ಹೊಲಸು,” ಎಂದೆ. “ದಿಂಬಿನ ಅರಳಿ ತುಂಬತೇನಿ.”

“ಅರಳಿ ಭಾಳ ಮೆತ್ತಗ ಆಗತೈತ್ರಿ.”

“ಮೆತ್ತಗಿದ್ದದ್ದಕ್ಕs ಅದಕ್ಕ ಮೆತ್ತಿ ಅಂತಾರ, ಹುಸೇನಬಿ.”

ಆಕೆ ಗಿರಿಜಾಳ ಮುಖ ನೋಡಿದಳು. ಗಿರಿಜಾ, “ಬಿಡವಾ, ಅವ್ರು ಎಂ.ಎಸ್ಸಿ. ಮಾಡ್ಯಾರ,” ಎಂದಳು. ಇಬ್ಬರೂ ತಲೆ ತಗ್ಗಿಸಿ ಹೊಲಿಯತೊಡಗಿದರು; ಅವರ ಭುಜಗಳು ಮಾತ್ರ ಅಲುಗುತ್ತಿದ್ದವು.

ಡಬ್ಬಿ ಚೆನ್ನಾಗಿಯೇ ಬಂತು. ಹೊಸ ಪ್ಯಾಕೆಟ್ಟಿನ ಹನ್ನೆರಡು ಸೂಜಿಗಳನ್ನು ಮೆತ್ತೆಗೆ ಚುಚ್ಚಿ, ಮುಚ್ಚಳದ ಮೇಲೆ ‘ಸೂಜಿ: 12’ ಎಂದು ಚೀಟಿ ಅಂಟಿಸಿದೆ. ಹಳೆಯ ಸೂಜಿಗಳನ್ನೆಲ್ಲ ಒಂದು ಬಾಟಲಿಗೆ ಹಾಕಿ ಬಿರಡೆ ಬಿಗಿದೆ. ಹೊಲಿಗೆ ಮುಗಿದ ಕೂಡಲೇ ಸೂಜಿ ಮೆತ್ತೆಗೆ ಬರಬೇಕೆಂದು ಆಜ್ಞೆ ಹೊರಡಿಸಿದೆ. ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಸೂಜಿ ಎಂದೂ ಕಳೆದಿರಲಿಲ್ಲ, ಏಕೆಂದರೆ ಎಷ್ಟಿವೆಯೆಂದು ಯಾರಿಗೂ ಗೊತ್ತಿರಲಿಲ್ಲ. ಸೂಜಿ ಕಳೆಯುವ ಸೌಲಭ್ಯವನ್ನು ಈ ಮನೆಗೆ ಒದಗಿಸಿದವನು ನಾನು.

ವಿದ್ಯಾಳನ್ನು ಕರೆದುಕೊಂಡು ಹೋಗಲು ಕೆರೂರಿನ ಬೀಗರು ಬರುವ ದಿನ ಬೆಳಿಗ್ಗೆ, ಡಬ್ಬಿ ತೆರೆದು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದು. ಮೂರನೆಯ ಸಲ ಹನ್ನೆರಡಾಯಿತು, ಆದರೆ ಒಂದನ್ನು ಎರಡು ಸಲ ಮುಟ್ಟಿದೆನೇನೋ ಎನ್ನಿಸಿ ನಾಲ್ಕನೆಯ ಸಲ ಎಣಿಸಿದೆ. ಹನ್ನೊಂದೇ. ಪ್ಯಾಕೆಟ್ಟಿನಲ್ಲಿ ಹನ್ನೆರಡು ಇದ್ದವೆ, ಅಥವಾ ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನು ಓದಿ ನಾನು ಎಣಿಸಿದೆನೆಂದು ತಿಳಿದೆನೆ? ಅಡುಗೆಮನೆಗೆ ಹೋಗಿ, ಏನೂ ಆಗದವನಂತೆ, “ನಿನ್ನೆ ಎಷ್ಟ ಸೂಜಿ ತಗೊಂಡಿದ್ರಿ?” ಎಂದೆ. ಗಿರಿಜಾ ಹೋಳಿಗೆ ಲಟ್ಟಿಸುತ್ತ, “ಎಷ್ಟ ತಗೊಂಡಿದ್ವೋ ಅಷ್ಟ ಇಟ್ಟೇವಿ. ಇವತ್ತರ ನನ್ನ ತಲಿ ತಿನಬ್ಯಾಡ್ರಿ,” ಎಂದಳು. ಇದು ಪುರಾವೆಯಲ್ಲ.

ಕೌದಿ ಕೋಣೆಯಲ್ಲಿ ಮಡಿಸಿಟ್ಟಿತ್ತು. ಅದನ್ನೂ ಡಬ್ಬಿಯನ್ನೂ ಬಗಲಲ್ಲಿ ಹಿಡಿದು ಮಾಳಿಗೆ ಹತ್ತಿದೆ. ಅಂಗೈಯಿಂದ ಸವರಿ ನೋಡೋಣವೆಂದರೆ ಅಂಗೈ ಮುಂದೆ ಹೋಗಲೊಲ್ಲದು. ಕೆಳಗಿಳಿದು, ಬಾದಾಮಿಗೆ ಹೋದಾಗ ಕೊಂಡು ಫ್ರಿಜ್ಜಿಗೆ ಅಂಟಿಸಿದ್ದ ಆಯಸ್ಕಾಂತದ ಗೊಂಬೆಯನ್ನು ಕಿತ್ತು ತಂದೆ. ಅದನ್ನು ಕೌದಿಯ ಮೇಲೆ ಹೊಲ ಹರಗಿದಂತೆ ಸಾಲು ಸಾಲಾಗಿ ಆಡಿಸಿದೆ. ಮೂರು ಮೂಲೆ ಮುಗಿದವು. ನಾಲ್ಕನೆಯ ಮೂಲೆಯಲ್ಲಿ, ಚಂದಕ್ಕೆಂದು ತ್ರಿಕೋನದ ಬಟ್ಟೆ ಕೂರಿಸಿದ್ದಲ್ಲಿ, ಗೊಂಬೆ ‘ಟಕ್’ ಎಂದು ಕಚ್ಚಿಕೊಂಡಿತು.

ಇನ್ನು ಎರಡು ತಾಸಿನಲ್ಲಿ ಕೂಸನ್ನು ಇದರ ಮೇಲೆ ಮಲಗಿಸಿಕೊಂಡು ಕೆರೂರಿಗೆ ಒಯ್ಯುತ್ತಾರೆ. ಡಬ್ಬಿಯ ಕತ್ತರಿಯಿಂದ ಆ ಮೂಲೆಯ ಹೊಲಿಗೆ ಬಿಚ್ಚಿದೆ. ಒಳಗಿಂದ ಬಂದದ್ದು ಒಣಗಿದ ಹೋಳಿಗೆಯ ಒಂದು ಚೂರು, ನಾಲ್ಕು ಕಾಳು ಜೋಳ, ಒಂದು ರೂಪಾಯಿಯ ನಾಣ್ಯ.

ಆಗ ನೆನಪಾಯಿತು. ನಮ್ಮ ಕಡೆ ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ಅದಕ್ಕೆ ಉಣ್ಣಿಸುತ್ತಾರೆ. ಅದನ್ನು ಹೊದ್ದವರು ಹಸಿಯಬಾರದು ಎಂದು. ಅಜ್ಜಿ ಹೀಗೆ ಮಾಡುತ್ತಿದ್ದಳು, ನಾನು ನೋಡಿದ್ದೆ. ಬೇಕಾದಾಗ ಬರದ ನನ್ನ ನೆನಪು, ಕತ್ತರಿ ಆಡಿಸಿದ ಮೇಲೆ ಬಂದು ನಿಂತಿತ್ತು. ಮೊಮ್ಮಗನ ಕೌದಿಯ ಹೊಟ್ಟೆಯನ್ನು ಕಪ್ಪೆಯ ಹೊಟ್ಟೆಯಂತೆ ಸೀಳಿ ಕೂತಿದ್ದೆ. ಗಿರಿಜಾ ನೋಡಿದರೆ ಬೈಯುವುದಿಲ್ಲ, ಅಳುತ್ತಾಳೆ. ಅದು ಸೂಜಿಗಿಂತ ಆಳಕ್ಕೆ ಹೋಗುತ್ತದೆ. ಹೋಳಿಗೆ, ಜೋಳ, ರೂಪಾಯಿ ಎಲ್ಲವನ್ನೂ ಒಳಗೆ ತುರುಕಿದೆ. ದಾರ ಪೋಣಿಸಲು ನನ್ನ ಕಣ್ಣಿಗಾಗದು. ಗಿರಿಜಾ ತನ್ನ ಕುಪ್ಪಸಕ್ಕೆಂದು ಕೆಂಪು ದಾರ ಪೋಣಿಸಿಟ್ಟಿದ್ದ ಒಂದು ಸೂಜಿ ಮೆತ್ತೆಯಲ್ಲಿತ್ತು, ಅದನ್ನೇ ಎತ್ತಿಕೊಂಡೆ. ಜೀವನದಲ್ಲಿ ಮೊದಲ ಸಲ, ಆ ಬಟ್ಟೆಯ ಅಂಚಿನ ಒಳಗಡೆಯಿಂದ ಕಾಣದಂತೆ ಹೊಲಿದೆ. ಗಂಟು ಹಾಕುವಷ್ಟರಲ್ಲಿ ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ಬೀಗರು ಬಂದಿದ್ದರು.

ಊಟವಾಯಿತು. ನಾನು ಹೋಳಿಗೆಯನ್ನು ಮುರಿದು ಮುರಿದು ಒಳಗೆ ನೋಡುತ್ತ ಕೂತೆ. ಹನ್ನೆರಡನೆಯ ಸೂಜಿ ಇನ್ನೂ ಸಿಕ್ಕಿರಲಿಲ್ಲವಲ್ಲ. ವಿದ್ಯಾ ಕೌದಿಯನ್ನು ಕಾರಿನಲ್ಲಿ ಹಾಸಲು ಎತ್ತಿಕೊಂಡಾಗ ತಡೆಯಲಾಗಲಿಲ್ಲ. “ತಡಿ! ಅದರಾಗ ಸೂಜಿ ಇರಬೇಕು,” ಎಂದು ಕೂಗಿದೆ. ಮಾಳಿಗೆಯ ಮೇಲೆ ನಡೆದದ್ದನ್ನು ಮಾತ್ರ ಹೇಳಲಿಲ್ಲ.

ಎಲ್ಲರೂ ನನ್ನನ್ನೇ ನೋಡಿದರು. “ಹುಸೇನಬಿ ನಿನ್ನೆ ಸಂಜಿಕೆ ಅದರ ಮ್ಯಾಲ ಹೊರಳೇ ಕೊಟ್ಟಾಳ,” ಎಂದಳು ಗಿರಿಜಾ. ಕೌದಿ ಹೊಲಿದವರು ಮೊದಲು ತಾವು ಅದರ ಮೇಲೆ ಉರುಳಿ, ಏನೂ ಚುಚ್ಚಲಿಲ್ಲವೆಂದು ನೋಡಿಯೇ ಕೊಡುವುದು ಆಕೆಯ ಪದ್ಧತಿ. “ಆದ್ರೂ ನಿಮಗ ಸಂಶೇ ಇದ್ರ ನೀವs ಹೊರಳ್ರಿ.”

“ಬೀಗರ ಮುಂದ?”

“ಕೂಸಿನಕಿಂತ ಬೀಗರು ಹೆಚ್ಚೇನ್ರಿ?”

ಪಡಸಾಲೆಯಲ್ಲಿ ಕೌದಿ ಹಾಸಿದರು. ನಾನು ಇಸ್ತ್ರಿ ಅಂಗಿಯಲ್ಲಿ ಕಣ್ಣು ಮುಚ್ಚಿ ಮಲಗಿ ಒಂದು ಉರುಳು ಉರುಳಿದೆ. “ಅಯ್ಯೋ! ಚುಚ್ಚಿತು!” ಗಿರಿಜಾ ಅಲ್ಲಿ ತಡಕಿದಳು, ಏನಿಲ್ಲ. ಇನ್ನೊಂದು ಉರುಳು. “ಇಲ್ಲೆ! ಇಲ್ಲೆ ಐತಿ!” ಏನಿಲ್ಲ. ಮೂರನೆಯ ಸಲ ಚೀರಿದಾಗ ಕೂಸು ನಕ್ಕಿತು, ಅಥವಾ ಹಾಗೆ ನನಗನ್ನಿಸಿತು. “ಅಪ್ಪಾ, ನಿನಗ ಕೌದಿ ಮುಟ್ಟೂಕಿಂತ ಮೊದಲs ಚುಚ್ಚಾಕತ್ತೈತಿ,” ಎಂದಳು ವಿದ್ಯಾ.

ಆಗ ಬೀಗರು ಎದ್ದರು. ವಿದ್ಯಾಳ ಮಾವ ಚನ್ನಬಸಪ್ಪನವರದು ಕೆರೂರಿನಲ್ಲಿ ಕಾಳಿನ ವ್ಯಾಪಾರ. ಚೀಲಗಳ ಮೇಲೆ ಮಲಗಿ ರೂಢಿಯಾದ ಅಗಲವಾದ ಬೆನ್ನು. “ಸರೀರಿ ಬೀಗರ. ಕಾಳಿನಾಗ ಎಷ್ಟ ಸಣ್ಣ ಹರಳ ಇದ್ರೂ ನನ್ನ ಬೆನ್ನಿಗೆ ಗೊತ್ತಾಗತೈತಿ,” ಎಂದವರೇ, ದಪ್ಪ ಜಾಕೀಟಿನ ಸಮೇತ ಮಲಗಿ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಉರುಳಿದರು. ಎದ್ದು ಕೈ ಝಾಡಿಸಿ, “ಪಾಸು!” ಎಂದರು. ನನ್ನ ಬೆನ್ನಿನ ಸಾಕ್ಷಿಯನ್ನು ತಳ್ಳಿಹಾಕಿ ಅವರ ಬೆನ್ನಿನ ಸಾಕ್ಷಿಯನ್ನು ಎಲ್ಲರೂ ಒಪ್ಪಿದರು. ಕಾರು ಹೋಯಿತು.

ಸಂಜೆಯ ಹೊತ್ತಿಗೆ ಮನೆ ಭಣಭಣ ಎನ್ನತೊಡಗಿತು. ಗಿರಿಜಾ ಸುಮ್ಮನೆ ಕೂರಲಾರದೆ ನನ್ನ ಡಬ್ಬಿಯನ್ನು ಎತ್ತಿಕೊಂಡು ಮೆತ್ತೆಯನ್ನು ಎರಡು ಬೆರಳಿನಿಂದ ಅಮುಕಿದಳು. ಅರಳೆಯೊಳಗಿಂದ ಒಂದು ಸೂಜಿಯ ಹಿಂಭಾಗ ಮೆಲ್ಲಗೆ ತಲೆ ಎತ್ತಿತು. ಮೆತ್ತೆ ಅದನ್ನು ಪೂರ್ತಿ ನುಂಗಿಕೊಂಡಿತ್ತು. “ತಗೋರಿ ನಿಮ್ಮ ಹನ್ನೆರಡನೇದು,” ಎಂದು ನಕ್ಕಳು. ನಾನೂ ನಕ್ಕೆ. ಬೆಳಗಿನಿಂದ ಹಿಡಿದ ಉಸಿರನ್ನು ಒಮ್ಮೆಲೇ ಬಿಟ್ಟೆ. ಸಮಾಧಾನಕ್ಕೆಂದು ಒಂದು ಸಲ ಎಣಿಸಿದೆ.

ಹನ್ನೊಂದು.

ಕೆಂಪು ದಾರದ ಸೂಜಿ ಇರಲಿಲ್ಲ. ಈ ಸಲ ಸಂಶಯಕ್ಕೆ ಜಾಗವೇ ಇರಲಿಲ್ಲ. ಹಾರ್ನ್ ಕೇಳಿದಾಗ ಗಂಟು ಹಾಕಿ, ದಾರ ಕತ್ತರಿಸಿ, ಸೂಜಿಯನ್ನು ಒಂದು ಕ್ಷಣ ಕೌದಿಗೇ ಚುಚ್ಚಿದ್ದು, ಅಲ್ಲಿಂದ ಅದನ್ನು ಕೀಳದೆಯೇ ಕೌದಿ ಮಡಿಸಿದ್ದು, ಕಣ್ಣ ಮುಂದೆ ನಡೆದಂತೆ ಕಾಣಿಸಿತು. ಇಲ್ಲದ ಸೂಜಿಯನ್ನು ಹುಡುಕಲು ಹೋಗಿ ಇರುವ ಸೂಜಿಯನ್ನು ಇಟ್ಟು ಬಂದಿದ್ದೆ. ಕಾಲಿಗೆ ಚಪ್ಪಲಿ ಸಿಗಲಿಲ್ಲ. ವಿದ್ಯಾಳಿಗೆ ಫೋನ್ ಮಾಡಬೇಕೆಂದರೆ ಬೆರಳು ಬೇರೆ ಬೇರೆ ಹೆಸರುಗಳ ಮೇಲೆ ಬೀಳುತ್ತಿತ್ತು. ಅಷ್ಟರಲ್ಲಿ ಗಿರಿಜಾಳ ಫೋನೇ ರಿಂಗಣಿಸಿತು. ಬೀಗರ ದನಿ ಹೊರಗೆ ಕೇಳಿಸುವಷ್ಟು ದೊಡ್ಡದು.

“ಮುಟ್ಟಿದ್ವಿರಿ. ಕೂಸು ಆರಾಮ ಮಲಗೈತಿ. ಒಂದ ಮಾತ್ರಿ, ಈಗ ಜಾಕೀಟ ಕಳದೆ, ಅದರ ಬೆನ್ನಿಗೆ ಒಂದ ಸೂಜಿ ನಾಟಿತ್ತ ನೋಡ್ರಿ! ದಾರಿ ತುಂಬ ಅದರ ಮ್ಯಾಲs ಒರಗಿ ಬಂದೇನಿ, ಗೊತ್ತs ಆಗಿಲ್ಲ. ಕೆಂಪ ದಾರದ್ದು. ಯಾರದ್ರಿ ಅದು?”

ಗಿರಿಜಾ ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದಳು. “ಕೌದಿ ಹೊಲದದ್ದೆಲ್ಲಾ ಬಿಳೇ ದಾರದಾಗ. ಕೆಂಪ ದಾರ ಯಾರ ಮುಟ್ಟಿದ್ರು?”

“ನನಗ ನೆನಪಿಲ್ಲ,” ಎಂದೆ.

ಇಷ್ಟು ಸ್ಪಷ್ಟವಾಗಿ ನೆನಪಿದ್ದ ಸಂಗತಿಯ ಬಗ್ಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು.