ಬಂಡೆ ಮಾವನ ಮೂಗು

ಸ್ಟುಡಿಯೋದಲ್ಲಿ ಫೋಟೋಗೆ ಸುತ್ತಿದ್ದ ಕಾಗದ ಬಿಚ್ಚಿದ ಕೂಡಲೇ ದರ್ಜಿಯ ಪಿತ್ತ ನೆತ್ತಿಗೇರಿತು. ಚೌಕಟ್ಟಿನೊಳಗಿದ್ದವರು ಅವನ ಮಾವನಲ್ಲ, ಯಾರೋ ಮದುಮಗ.

ಮಾವ ಎಂದರೆ ಅಂತಿಂಥ ಮಾವನೇ? ಟಿಕೆಟ್ಟಿಗಾಗಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಕಾಲದ ಬಾಕ್ಸರ್, ಊರಿಗೆಲ್ಲ 'ಬಂಡೆ'. ಮೂಗು ಮುರಿದು ರಕ್ತ ಸುರಿಯುತ್ತಿದ್ದರೂ ಒಂದು ಸಲ ಸೀನಿ, ಎದುರಾಳಿಯನ್ನು ಮಲಗಿಸಿಯೇ ಕಣದಿಂದ ಇಳಿದಿದ್ದ ಮನುಷ್ಯ. ಅಂಥವರನ್ನು ಸತ್ತ ಮೇಲೆ ಊರು ಮರೆತೇಬಿಟ್ಟಿತು, ಕೃತಘ್ನ ಊರು! ದರ್ಜಿ ವ್ಯಾಯಾಮಶಾಲೆಯವರ ಕೈಕಾಲು ಹಿಡಿದು, ಅಲ್ಲಿನ ಗೋಡೆಗೆ ಆ ಸಂಜೆ ಅವರ ಫೋಟೋ ಹಾಕಲು ಒಪ್ಪಿಸಿದ್ದ. ಮನೆಯಲ್ಲಿದ್ದದ್ದು ಒಂದೇ ಹಳೆಯ ಫೋಟೋ. ಅದರ ಕಲೆ ತೆಗೆಸಲು ಅತ್ತೆಯೇ ಸ್ಟುಡಿಯೋಗೆ ಒಯ್ದು ಕೊಟ್ಟಿದ್ದರು.

"ಏನ್ರೀ ಇದು? ಸಂಪಿಗೆ ಮೂಗು ಅಂಟಿಸಿದೀರಲ್ಲ!"

"ಅದೇನಾಯ್ತು ಅಂದ್ರೆ..." ಎಂದು ಸ್ಟುಡಿಯೋದವನು ಶುರುಮಾಡಿದ.

"ಏನೂ ಹೇಳ್ಬೇಡಿ! ಆ ಸೊಟ್ಟ ಮೂಗು ನಮ್ಮ ಮಾವನ ಜೀವಮಾನದ ಸಂಪಾದನೆ ಕಣ್ರೀ. ಸಂಜೆಯೊಳಗೆ ಮುರಿದು ಕೊಡಿ!"

"ಇಷ್ಟು ವರ್ಷ ಸೊಟ್ಟ ಇರೋದನ್ನ ನೆಟ್ಟಗೆ ಮಾಡಿ ಅಂದವರೇ ಎಲ್ಲ. ಮುರೀರಿ ಅಂದವರು ನೀವೇ ಮೊದಲು. ಸರಿ, ಹಳೇ ಮೂಗಿನ ಮೇಲೇ ಬಣ್ಣ ಬಳಿದಾಗಿದೆ, ನನಗೆ ನೆನಪಿಲ್ಲ. ಯಾವ ಕಡೆಗೆ ಸೊಟ್ಟ ಇತ್ತು?"

ದರ್ಜಿಗೆ ಅದೇ ಗೊತ್ತಿರಲಿಲ್ಲ. ಮಾವನ ಮುಖವನ್ನು ನೇರವಾಗಿ ನೋಡುವ ಧೈರ್ಯ ಅವನಿಗೆ ಎಂದೂ ಬಂದಿರಲಿಲ್ಲ.

ಗಲಾಟೆ ಕೇಳಿ ಅಕ್ಕಪಕ್ಕದ ಅಂಗಡಿಯವರು ಓಡಿಬಂದರು.

"ಎಡಕ್ಕೆ," ಎಂದ ಕ್ಷೌರದಂಗಡಿಯವನು. "ಅವರ ಗಡ್ಡ ಕೆರೆದವನು ನಾನು."

"ಬಲಕ್ಕೆ," ಎಂದಳು ಬೇಕರಿಯವಳು. "ನೀವು ನೋಡಿದ್ದು ಕನ್ನಡೀಲಿ."

"ಕನ್ನಡಿಗೆ ಗಡ್ಡ ಕೆರೀತಾರೇನಮ್ಮ? ಆ ಹೊಡೆತಾನ ಮುಂದಿನ ಸಾಲಲ್ಲಿ ಕೂತು ನೋಡಿದೀನಿ ನಾನು. ಹೀಗೆ ಬಂತು, ನೋಡಿ..."

ತೋರಿಸಲು ಕ್ಷೌರದಂಗಡಿಯವನು ಬೀಸಿದ ಮುಷ್ಟಿ ದರ್ಜಿಯ ಮೂಗಿನ ಮೇಲೇ ಬಂದು ಕೂತಿತು. ಲಟಕ್ಕೆಂದ ಸದ್ದು ಎಲ್ಲರಿಗೂ ಕೇಳಿಸಿತು. ದರ್ಜಿಗೆ ಹಗಲಲ್ಲೇ ನಕ್ಷತ್ರ ಕಂಡವು.

"ಆಹಾ, ಈಗ ಗೊತ್ತಾಯ್ತು! ಅಲ್ಲಾಡ್ಬೇಡಿ!" ಎಂದು ಸ್ಟುಡಿಯೋದವನು ಕುಂಚ ಎತ್ತಿಕೊಂಡ.

ಅಂಗಿಯೆಲ್ಲ ರಕ್ತ ಮಾಡಿಕೊಂಡು ದರ್ಜಿ ಸ್ಟೂಲಿನ ಮೇಲೆ ಕೂತ. ಮಾವನಿಗೋಸ್ಕರ ಇಷ್ಟಾದರೂ ಮಾಡಿದೆನಲ್ಲ ಎಂದು ನೋವಿನಲ್ಲೂ ಎದೆಯುಬ್ಬಿತು.

ಸಂಜೆ ವ್ಯಾಯಾಮಶಾಲೆಯಲ್ಲಿ ಫೋಟೋದ ಪರದೆ ಸರಿಸಿದಾಗ ಸಭೆ ಚಪ್ಪಾಳೆ ತಟ್ಟಿತು. "ಸಾಕ್ಷಾತ್ ಬಂಡೆ!" ಎಂದರು ಯಾರೋ. ಅತ್ತೆ ಕನ್ನಡಕ ಏರಿಸಿಕೊಂಡು ಫೋಟೋದ ಹತ್ತಿರ ಬಂದರು. ದರ್ಜಿ ಮೂಗಿನ ಪಟ್ಟಿ ಸರಿಮಾಡಿಕೊಂಡು ಹೊಗಳಿಕೆಗೆ ಕಾದ.

"ಇದನ್ನ ಮತ್ತೆ ಮುರಿದ ಪಾಪಿ ಯಾರು?"

ಅತ್ತೆ ಸಭೆಯ ಕಡೆ ತಿರುಗಿದರು.

"ನಾನು ಮದುವೆಯಾಗಿದ್ದು ನೆಟ್ಟಗಿನ ಮೂಗನ್ನ. ಆಮೇಲೆ ಜೀವನಪೂರ್ತಿ ಅದಕ್ಕೆ ಶಾಖ ಕೊಟ್ಕೊಂಡು ಅತ್ತಿದೀನಿ. ಗೋಡೆ ಮೇಲಾದ್ರೂ ಅವರು ಪೆಟ್ಟು ತಿನ್ನದೆ ಇರಲಿ ಅಂತ ಹೇಳಿ ನಾನೇ ನೆಟ್ಟಗೆ ಮಾಡಿಸಿದ್ದೆ!"

ದರ್ಜಿ ಸ್ಟುಡಿಯೋದವನ ಕಡೆ ನೋಡಿದ.

"ಹೇಳೋಕೆ ಬಿಟ್ರಾ ನೀವು?" ಎಂದು ಅವನು ಗೊಣಗಿದ.

ಅತ್ತೆ ಒಮ್ಮೆ ಫೋಟೋ ನೋಡಿದರು, ಒಮ್ಮೆ ಅಳಿಯನ ಪಟ್ಟಿ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು.

"ನಾಳೆ ಬೆಳಿಗ್ಗೆ ಮೊದಲು ಅವರ ಮೂಗು ನೆಟ್ಟಗಾಗ್ಬೇಕು. ನಿಮ್ಮದು ಆಮೇಲೆ ನೋಡೋಣ, ಅಳಿಯಂದಿರೇ. ಮುರಿಸಿದ್ದೇ ಮುರಿಸಿದ್ರಿ, ಸರಿಯಾದ ಕಡೆಗಾದ್ರೂ ಮುರಿಸಬಾರದಿತ್ತಾ?"

"ನಾನು ಬಡ್ಕೊಂಡೆ, ಬಲಕ್ಕೆ ಅಂತ," ಎಂದಳು ಹಿಂದಿನ ಸಾಲಿನಿಂದ ಬೇಕರಿಯವಳು.