ಹಾಯಿದೋಣಿ ಮಾರಿದ ದಿನ

ಬೆಳಿಗ್ಗೆ ಏಳು ಗಂಟೆಗೆ, ವಿಜಯನಗರದ ಪಾರ್ಕಿನಲ್ಲಿ ಮೂರನೇ ಸುತ್ತು ಹಾಕುತ್ತಿದ್ದಾಗ ವಾಗೀಶರ ಫೋನಿಗೆ ಮಲೇಷ್ಯಾದ ದಲ್ಲಾಳಿಯಿಂದ ಒಂದು ಸಂದೇಶ ಬಂತು. "ನಿಮ್ಮ ಹಾಯಿದೋಣಿಗೆ ಗಿರಾಕಿ ಸಿಕ್ಕಿದ್ದಾರೆ. ಕೌಲಾಲಂಪುರದ ಅಮರ್ ಎಂಬುವರು. ಗಂಡಹೆಂಡತಿ ಇಬ್ಬರೂ ನೋಟರಿ ಮುಂದೆ ಸಹಿ ಹಾಕಿ ಇವತ್ತೇ ಪತ್ರ ಕಳಿಸಿ. ತಡವಾದರೆ ಅವರು ಬೇರೆ ದೋಣಿ ನೋಡುತ್ತಾರೆ."

ವಾಗೀಶರಿಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಕುಣಿಯುವಂತಿರಲಿಲ್ಲ, ಪಕ್ಕದಲ್ಲಿ ಎದುರುಮನೆಯ ಹುಚ್ಚಯ್ಯ ನಡೆಯುತ್ತಿದ್ದರು; ಅವರಿಗೆ ತಿಳಿದರೆ ಇಡೀ ಬಡಾವಣೆಗೆ ತಿಳಿದಂತೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿದ ವಾಗೀಶರು ನಿವೃತ್ತರಾದ ಮೇಲೆ ಬೋಗಾದಿಯ ಸೈಟು ಮಾರಿ ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ ಹಳೆಯದೊಂದು ಹಾಯಿದೋಣಿ ಕೊಂಡಿದ್ದರು. ಹೆಂಡತಿ ಶಾರದಳ ಜೊತೆ ನಾಲ್ಕು ತಿಂಗಳು ಥಾಯ್ಲೆಂಡಿನ ದ್ವೀಪಗಳನ್ನು ಸುತ್ತಿದ್ದರು. ಊರಿಗೆ ಬಂದಮೇಲೆ ಪಾರ್ಕಿನ ಬೆಂಚಿನ ಮೇಲೆ ಕೂತು ಕತೆ ಹೇಳುತ್ತಾ ದಿನಕ್ಕೊಂದು ಬಿರುಗಾಳಿ ಎಬ್ಬಿಸುತ್ತಿದ್ದರು. ಡಿಸೆಂಬರಿಗೆ ಮತ್ತೆ ಹೊರಡುತ್ತೇನೆಂದೂ ಹೇಳಿಬಿಟ್ಟಿದ್ದರು.

ನಿಜ ಸಂಗತಿಯೇ ಬೇರೆ. ದೋಣಿ ಹತ್ತಿದ ದಿನವೇ ಅವರ ಹೊಟ್ಟೆ ಬಟ್ಟೆ ಒಗೆಯುವ ಮೆಷಿನ್ನಿನಂತೆ ತಿರುಗಲು ಶುರುಮಾಡಿ, ನಾಲ್ಕು ತಿಂಗಳೂ ನಿಂತಿರಲಿಲ್ಲ. ಹಾಯಿ ಎತ್ತಿದ್ದು, ಚುಕ್ಕಾಣಿ ಹಿಡಿದಿದ್ದು, ಲಂಗರು ಹಾಕಿದ್ದು ಎಲ್ಲ ಶಾರದ. ಬ್ಯಾಂಕ್ ಮ್ಯಾನೇಜರಾಗಿದ್ದ ಆಕೆ ಗಾಳಿಯನ್ನೂ ಕೈಕೆಳಗಿನ ಗುಮಾಸ್ತನಂತೆ ದುಡಿಸಿಕೊಂಡಿದ್ದಳು. ವಾಗೀಶರು ಒಳಗೆ ಮಲಗಿ ನಿಂಬೆಹಣ್ಣು ಮೂಸುತ್ತಿದ್ದರು.

"ಏನ್ ಮೇಷ್ಟ್ರೇ, ಮುಖ ಅಂಗೆ ಅರಳ್ಬುಡ್ತು?" ಎಂದರು ಹುಚ್ಚಯ್ಯ.

"ಏನಿಲ್ಲ, ಮೊಬೈಲ್ ಕಂಪನಿಯೋರ ಮೆಸೇಜು" ಎಂದು ವಾಗೀಶರು ಮನೆಗೆ ಓಡಿದರು.

ಪತ್ರಗಳನ್ನೆಲ್ಲ ಅಚ್ಚು ಹಾಕಿಸಿ ತಂದು, ಫೈಲು ಕಂಕುಳಲ್ಲಿ ಇರುಕಿಕೊಂಡು ಸ್ಕೂಟರು ಸ್ಟಾರ್ಟ್ ಮಾಡಿದರೆ ಅದು ಕೆಮ್ಮಿತು, ಸೀನಿತು, ಸುಮ್ಮನಾಯಿತು. ಅಷ್ಟರಲ್ಲಿ ಹುಚ್ಚಯ್ಯನವರ ಕಾರು ಗೇಟಿನ ಮುಂದೆ ಬಂದು ನಿಂತಿತ್ತು.

"ಅತ್ತಿ ಮೇಷ್ಟ್ರೇ, ಎಲ್ಲಿಗ್ ಬುಡ್ಲಿ?"

"ಅಗ್ರಹಾರಕ್ಕೆ... ದೇವಸ್ಥಾನಕ್ಕೆ."

"ದೇವಸ್ಥಾನಕ್ಕೆ ಫೈಲಾ?"

ಹಿಂದಿನ ಸೀಟಿನಲ್ಲಿ ಕೂತ ಶಾರದ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡಳು.

ನೋಟರಿ ಲಕ್ಷ್ಮೀನರಸಿಂಹಯ್ಯನವರ ಕಿವಿ ಸ್ವಲ್ಪ ಮಂದ. ಹಾಗಾಗಿ ಲೋಕಕ್ಕೇ ಕಿವಿ ಕೇಳಿಸುವುದಿಲ್ಲ ಎಂಬಂತೆ ಅವರು ಮಾತಾಡುತ್ತಿದ್ದರು. "ಹಾಯಿದೋಣಿ ಮಾರಾಟವಾ?" ಎಂದು ಅವರು ಕೂಗಿದ್ದು ಬೀದಿಯಾಚೆಯ ಹೂವಿನಂಗಡಿಗೂ ಕೇಳಿಸಿತು. ಹಿಂದೆಯೇ ಬಂದಿದ್ದ ಹುಚ್ಚಯ್ಯ ಬಾಗಿಲಲ್ಲಿ ನಿಂತಿದ್ದರು.

ವಾಗೀಶರು ಬೆವರಿದರು. "ಅದು... ಇನ್ನೂ ದೊಡ್ಡದು ತಗೊಳ್ಳೋಣ ಅಂತ. ನನಗೆ ಈ ಸಣ್ಣ ದೋಣಿ ಸಾಲೋದಿಲ್ಲ ಕಣ್ರೀ."

ಹುಚ್ಚಯ್ಯ ಒಂದು ಮಾತೂ ಕೇಳಲಿಲ್ಲ. "ಬೇಗ ಮುಗಿಸಿ ಸ್ವಾಮಿ, ಟೈಮಾಯ್ತದೆ" ಎಂದು ನೋಟರಿಯನ್ನೇ ಅವಸರಪಡಿಸಿದರು.

"ಏಳನೇ ಪುಟದಲ್ಲಿ ಒಂದು ಷರತ್ತಿದೆ. ಗಟ್ಟಿಯಾಗಿ ಓದಲಾ?"

"ಗಟ್ಟಿಯಾಗಂತೂ ಬೇಡವೇ ಬೇಡ!" ಎಂದು ವಾಗೀಶರು ಪೆನ್ನು ಕಿತ್ತುಕೊಂಡು ಸಹಿ ಹಾಕಿ, ಶಾರದಳ ಕೈಗೂ ತುರುಕಿದರು.

ಸ್ಕ್ಯಾನ್ ಮಾಡಿಸಬೇಕೆಂದರೆ ಅಗ್ರಹಾರದಲ್ಲಿ ಕರೆಂಟಿಲ್ಲ. "ಮಂಡಿ ಮೊಹಲ್ಲಾದಾಗೆ ನಮ್ಮ ಅಂಗ್ಡಿ ಇಲ್ವಾ? ಜನರೇಟರ್ ಅದೆ, ನಡೀರಿ" ಎಂದರು ಹುಚ್ಚಯ್ಯ. ಕೈಗಾಡಿ, ಮೂಟೆ, ಆಟೋಗಳ ನಡುವೆ ಹಾರ್ನ್ ಒತ್ತಿ ಹಿಡಿದೇ ಕಾರು ನುಗ್ಗಿಸಿದರು. ತಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೊಂದೇ ಹಾಳೆಯನ್ನು ಎದುರು ನಿಂತು ಸ್ಕ್ಯಾನ್ ಮಾಡಿಸಿ ಕಳಿಸಿದರು. ವಾಗೀಶರ ಕಣ್ಣು ತೇವವಾಯಿತು. ಇಂಥ ನೆರೆಯವರನ್ನು ಚಾಡಿಕೋರ ಅಂದುಕೊಂಡಿದ್ದೆನಲ್ಲ!

ಸಂಜೆ ಐದೂ ಮುಕ್ಕಾಲಿಗೆ ಉತ್ತರ ಬಂತು: ದೋಣಿ ಮಾರಾಟವಾಯಿತು, ಹಣ ನಾಳೆ ಸೇರುತ್ತದೆ.

ವಾಗೀಶರು ನಡುಮನೆಯ ನೆಲದ ಮೇಲೆ ಅಂಗಾತ ಮಲಗಿದರು. ನೆಲ ಅಲುಗಲಿಲ್ಲ. ಫ್ಯಾನು ಅದರ ಪಾಡಿಗೆ ಅದು ತಿರುಗುತ್ತಿತ್ತು, ಹೊಟ್ಟೆ ತಿರುಗಲಿಲ್ಲ. "ಇನ್ನು ಜನ್ಮದಲ್ಲಿ ಉಪ್ಪುನೀರು ಮುಟ್ಟೋಲ್ಲ ಕಣೇ" ಎಂದರು. ಶಾರದ ಕಾಫಿಗಿಡಲು ಎದ್ದಳು. ಅವಳ ಮುಖ ಸ್ವಲ್ಪ ಬಾಡಿತ್ತು.

ಆಗ ಕರೆಗಂಟೆ ಸದ್ದಾಯಿತು. ಹೊಸ ಪಂಚೆಯುಟ್ಟ ಹುಚ್ಚಯ್ಯ, ಹಿಂದೆ ಜಿಲೇಬಿ ಡಬ್ಬಿ ಹಿಡಿದ ಅವರ ಹೆಂಡತಿ ಭಾಗ್ಯಮ್ಮ.

"ಬಾಯಿ ಸಿಹಿ ಮಾಡ್ಕಳಿ ಮೇಷ್ಟ್ರೇ. ದೋಣಿ ತಗಂಡೋನು ನಾನೇಯ!"

"ಅಮರ್ ಅನ್ನೋರಲ್ವಾ?"

"ನಮ್ಮ ಮಗ್ಳು ಸುಷ್ಮಿತಾನ ಗಂಡ. ಮದ್ವೆ ವೊತ್ನಲ್ಲಿ ನೀವು ಸಮುದ್ರದಾಗಿದ್ರಲ್ಲ, ಅವನ್ನ ನೋಡಿಲ್ಲ. ನಿಮ್ಮ ದೋಣಿ ಮಾರಾಟಕ್ಕದೆ ಅಂತ ಅವ್ನೇ ತಿಳಿಸ್ದ. ನಾನು ಅಂದ್ರೆ ಸಂಕೋಚಕ್ಕೆ ಬಿದ್ದು ರೇಟು ಇಳಿಸ್ತೀರಿ ಅಂತ ಅವನ ಎಸ್ರಲ್ಲೇ ಮಾಡ್ದೆ. ನೀವೇಳೋ ಕತೆ ಕೇಳಿ ಕೇಳಿ ನಿದ್ದೇನೇ ಓಗಿತ್ತು ನಂಗೆ."

"ಒಳ್ಳೇದಾಯ್ತು, ಹೋಗಿ ಬನ್ನಿ" ಎಂದರು ವಾಗೀಶರು.

"ಓಗ್ಬನ್ನಿ ಅಂದ್ರೆ? ಏಳನೇ ಪುಟ ಓದ್ಲಿಲ್ವಾ? ಮೊದ್ಲು ಮೂರು ತಿಂಗ್ಳು ಮಾರ್ದೋರು ಜೊತೇಲಿದ್ದು ಕಲಿಸ್ಕೊಡ್ಬೇಕು. ನಿಮ್ಮನ್ನೇ ನಂಬ್ಕಂಡು ತಗಂಡಿವ್ನಿ!"

ವಾಗೀಶರು ಗೋಡೆ ಹಿಡಿದುಕೊಂಡರು. ಇನ್ನು ಉಳಿದಿದ್ದು ಒಂದೇ ದಾರಿ. ಕಣ್ಣು ಮುಚ್ಚಿ ಎಲ್ಲವನ್ನೂ ಒಪ್ಪಿಕೊಂಡರು: ಬಿರುಗಾಳಿಯೆಲ್ಲ ಸುಳ್ಳು, ತಾನು ನಾಲ್ಕು ತಿಂಗಳೂ ಮಲಗೇ ಇದ್ದದ್ದು, ದೋಣಿ ನಡೆಸಿದವಳು ಶಾರದ. ಹೇಳಿ ಮುಗಿಸಿದಾಗ ಎದೆಯ ಮೇಲಿದ್ದ ಕಲ್ಲೊಂದು ಇಳಿದಂತಾಯಿತು.

ಹುಚ್ಚಯ್ಯ ಶಾರದಳತ್ತ ತಿರುಗಿ ಕೈಮುಗಿದರು. "ಅಂಗಾದ್ರೆ ನೀವೇ ಬನ್ನಿ ತಾಯಿ."

"ಯಾವತ್ತು ಹೊರಡೋದು?" ಎಂದಳು ಶಾರದ. ಬಾಡಿದ್ದ ಮುಖ ಬೆಳಗಿತ್ತು. "ಇವರನ್ನೂ ಕರ್ಕೊಂಡು ಬರ್ತೀನಿ. ಒಬ್ಬರನ್ನೇ ಬಿಟ್ಟು ಹೋದ್ರೆ ಅನ್ನಕ್ಕೆ ನೀರಿಡೋಕೂ ಬರಲ್ಲ."

ಭಾಗ್ಯಮ್ಮ ವಾಗೀಶರಿಗೆ ಜಿಲೇಬಿ ಕೊಡುತ್ತಾ ದೊಡ್ಡ ಉಸಿರು ಬಿಟ್ಟರು.

"ನಂಗೆ ನಂಜನಗೂಡು ಬಸ್ಸಲ್ಲೇ ವಾಂತಿ ಆಯ್ತದೆ ಮೇಷ್ಟ್ರೇ. ಈ ದೋಣೀಲಿ ಎಂಗಪ್ಪಾ ಅಂತ ತಿಂಗಳಿಂದ ಎದ್ರಿಕೊಂಡಿದ್ದೆ. ಪಕ್ಕದಾಗೆ ಮಲಗೋಕೆ ನೀವು ಒಬ್ರು ಇದ್ದೀರಲ್ಲ, ಈಗ ನೆಮ್ಮದಿ ಆಯ್ತು ನೋಡಿ!"